ಭಾವನ ಕಾರಿನ ಹೆಡ್‌ಲೈಟು

ಸಂಜೆ ದೇವರ ಮುಂದೆ ದೀಪ ಹಚ್ಚುವುದು, ಗೋಡೆ ಗಡಿಯಾರಕ್ಕೆ ಕೀ ಕೊಡುವುದು, ಬಾಗಿಲ ಬಳಿ ಚಪ್ಪಲಿಗಳನ್ನು ಜೋಡಿಸಿಡುವುದು, ಆಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುವುದು. ಇವು ಇದೇ ಕ್ರಮದಲ್ಲಿ ಆಗಬೇಕು. ಒಂದು ತಪ್ಪಿದರೆ ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತೇನೆಂದು ಮನೆಯವರು ನಗುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಮೊನ್ನೆ ಹಾಗೆ ಕೂತಿದ್ದಾಗ ಕಿಟಕಿಯಿಂದ ಒಂದು ಬೆಳಕು ಒಳಗೆ ನುಗ್ಗಿತು. ನುಗ್ಗಿತು ಎನ್ನುವುದೇ ಸರಿ. ಟ್ಯೂಬ್‌ಲೈಟಿಗಿಂತ ಬಿಳಿ, ಅಂಚಿನಲ್ಲಿ ಸ್ವಲ್ಪ ನೀಲಿ. ಗಡಿಯಾರದ ಗಾಜು ಹೊಳೆಯಿತು, ಮುಳ್ಳು ಕಾಣದಾಯಿತು. ನನ್ನ ಕೈಯ ನೆರಳು ಎದುರು ಗೋಡೆಯ ಮೇಲೆ ನನಗಿಂತ ದೊಡ್ಡದಾಗಿ ಬಿತ್ತು.

ಪಕ್ಕದ ಮನೆಯ ವೆಂಕಟೇಶ ತನ್ನ ಕಾರಿಗೆ ಹೊಸ ದೀಪ ಹಾಕಿಸಿದ್ದ. ಕಂಪನಿಯಿಂದ ಬಂದ ದೀಪ ಬಿಚ್ಚಿಸಿ ಎಚ್‌ಐಡಿ ಹಾಕಿಸಿದ್ದೇನೆ ಎಂದು ಹಿಂದಿನ ದಿನ ಬೇಲಿಯ ಆಚೆಯಿಂದ ಹೇಳಿದ್ದ. ನಾನು ತಲೆ ಆಡಿಸಿದ್ದೆ, ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು. ಎದ್ದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡೆ: ಮೊದಲು ಕುಶಲ, ಆಮೇಲೆ ದೂರು, ಕೊನೆಗೆ ಎಚ್ಚರಿಕೆ. ಜೋಡಿಸಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರಗೆ ಹೋದೆ.

ಅವನ ಕಾರು ನನ್ನ ಮನೆಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿತ್ತು. ಅಂಗಳ ಇರುವುದೇ ಹಾಗೆ, ಅಲ್ಲಿ ಕಾರು ನಿಲ್ಲಿಸಿದರೆ ನನ್ನ ಗೋಡೆಯನ್ನು ನೋಡಿಕೊಂಡೇ ನಿಲ್ಲಬೇಕು. ಆ ಬೆಳಕಿನಲ್ಲಿ ನನ್ನ ಗೋಡೆಯ ಒಂದೊಂದು ಉಬ್ಬು ತಗ್ಗೂ ಕಂಡಿತು. ಕಿಟಕಿಯ ಕೆಳಗೆ, ಸೊಂಟದ ಎತ್ತರದಲ್ಲಿ, ಅಡ್ಡಕ್ಕೆ ಒಂದು ಗೀರು ಕಂಡಿತು. ಎಷ್ಟೋ ಸಲ ಸುಣ್ಣ ಹೊಡೆಸಿದ್ದೇನೆ, ಗೀರು ಮುಚ್ಚಿಲ್ಲ. ಮೊಳೆಯಿಂದ ಎಳೆದದ್ದು, ಕೈ ಸ್ವಲ್ಪವೂ ನಡುಗದೆ ಎಳೆದದ್ದು. ಅದನ್ನು ನೋಡಿದ ಮೇಲೆ ನಾನು ಜೋಡಿಸಿಕೊಂಡು ಬಂದ ಮಾತು ಹೊರಡಲಿಲ್ಲ. ನಾಳೆ ಬರುತ್ತೇನೆಂದು ಕೈ ಮಾಡಿ ಒಳಗೆ ಬಂದುಬಿಟ್ಟೆ. ಆ ಗೀರು ಎಳೆದವರು ನನ್ನ ಭಾವ. ಅವರ ವಿಷಯ ಹೇಳದೆ ಮರುದಿನದ ಮಾತಿಗೆ ಹೋಗಲಾರೆ, ಸ್ವಲ್ಪ ನನ್ನ ಜೊತೆ ಕೂತುಕೊಳ್ಳಿ.

ಭಾವನ ಹೆಸರು ಮುನಿಶಾಮಿ. ನನ್ನ ಅಕ್ಕನ ಗಂಡ. ಬೂದಿಕೋಟೆ ಕಡೆಯ ಬೇಸಾಯದ ಮನೆಯವರು, ಹರೆಯದಲ್ಲೇ ಕೋಲಾರ ಗೋಲ್ಡ್ ಫೀಲ್ಡ್‌ಗೆ ಬಂದು ಗಣಿಗೆ ಇಳಿದವರು. ಅಲ್ಲಿ ಅವರದು ಮರ ಕೊಡುವ ಕೆಲಸ. ಬಂಡೆ ಕೊರೆದು ಮುಂದಕ್ಕೆ ಹೋದಂತೆಲ್ಲ ಮೇಲಿನ ಬಂಡೆ ಕುಸಿಯದಂತೆ ದಿಮ್ಮಿಗಳನ್ನು ಕೊಟ್ಟು ನಿಲ್ಲಿಸುವವರು. ನಾನು ಆಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಗ್ನಲ್ ಕ್ಯಾಬಿನ್ನಿನ ಮನುಷ್ಯ. ಇಬ್ಬರದೂ ದೀಪದ ಕೆಲಸವೇ ಎಂದು ನಾನು ಒಮ್ಮೆ ಹೆಮ್ಮೆಯಿಂದ ಹೇಳಿದ್ದೆ. ಭಾವ ಒಪ್ಪಲಿಲ್ಲ. ನಿಂದು ಬೇರೆಯವರು ನೋಡಲಿ ಅಂತ ಹಚ್ಚೋ ದೀಪ, ನಂದು ನಾನು ನೋಡೋಕೆ ಹಚ್ಚೋ ದೀಪ, ಎರಡೂ ಒಂದೇ ಹೇಗಾಯ್ತು ಎಂದರು. ಆಗ ಅದು ಬರೀ ವಾದದ ಮಾತು ಅನ್ನಿಸಿತ್ತು.

ಅವರಿಗೊಂದು ಅಭ್ಯಾಸವಿತ್ತು. ಎದುರಿಗೆ ನಿಂತವರ ಜೊತೆ ಮಾತಾಡುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಗೋಡೆಯನ್ನು ನೋಡಿಕೊಂಡು ಮಾತಾಡುವುದು. ಹೆಣ್ಣು ನೋಡಲು ಬಂದ ದಿನವೂ ಹಾಗೇ ಮಾಡಿದರು. ಮಕ ಕೊಟ್ಟು ಮಾತಾಡದ ಗಂಡು ನಮಗೆ ಬೇಡ ಎಂದು ನಮ್ಮ ತಾಯಿ ಒಳಗೆ ಹೋಗಿ ಕೂತರು. ಹುಡುಗನ ಕಡೆಯ ಹಿರಿಯರೊಬ್ಬರು ಬಂದು ವಿವರಿಸಬೇಕಾಯಿತು. ಗಣಿಯೊಳಗೆ ಎಲ್ಲರ ಹಣೆಯ ಮೇಲೂ ದೀಪ. ಮುಖ ಎತ್ತ ತಿರುಗಿದರೆ ಬೆಳಕು ಅತ್ತ. ಎದುರಿಗೆ ಬಂದವನ ಮುಖ ನೋಡಿದರೆ ಅವನ ಕಣ್ಣು ಕುರುಡು. ಅದಕ್ಕೆ ಇಬ್ಬರು ಸೇರಿದರೆ ಇಬ್ಬರೂ ದೀಪವನ್ನು ಗೋಡೆಗೆ ಹಾಕಿಯೇ ಮಾತಾಡುವುದು. ಯಾರಾದರೂ ಮರೆತರೆ ಎದುರಿನವನು ಮಾತಾಡದೆ ಅಂಗೈ ಎತ್ತಿ ಮುಖದ ಮುಂದೆ ಹಿಡಿಯುತ್ತಾನೆ, ಅಷ್ಟೇ. ಅದು ಅಲ್ಲಿನ ಮರ್ಯಾದೆ. ನಮ್ಮ ತಾಯಿ ಕೇಳಿಸಿಕೊಂಡು ಹೊರಗೆ ಬಂದರು. ಮದುವೆಯಾಯಿತು. ಮದುವೆಯ ಫೋಟೋದಲ್ಲಿ ಭಾವ ಪಕ್ಕದ ಕಂಬವನ್ನು ನೋಡುತ್ತಿದ್ದಾರೆ.

ಗಣಿಯ ಆಳದಲ್ಲಿ ಕೆಲವೊಮ್ಮೆ ಬಂಡೆ ತಾನಾಗಿಯೇ ಸಿಡಿಯುತ್ತದೆ. ಅಲ್ಲಿಯವರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಾರೆ. ಮೇಲೆ ಕಾರ್ಮಿಕರ ಲೈನುಮನೆಗಳಲ್ಲಿ ಪಾತ್ರೆಗಳು ಅಲುಗಾಡುತ್ತವೆ. ಹೆಂಗಸರು ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಬಾಗಿಲಿಗೆ ಬರುತ್ತಾರೆ, ಗಣಿಗೆ ಇಳಿಯುವ ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಾರೆ. ಒಂದು ದಿನ ಅಕ್ಕ ಹಾಗೆ ನಿಂತಳು. ಭಾವ ಮತ್ತು ಅವರ ಜೊತೆಯಾಳು ಯಲ್ಲಪ್ಪ ಕೆಲಸ ಮಾಡುತ್ತಿದ್ದ ಕಡೆಯೇ ಕುಸಿದಿತ್ತು. ಇಬ್ಬರೂ ಒಳಗೆ ಸಿಕ್ಕಿಕೊಂಡರು. ದೀಪದ ಬ್ಯಾಟರಿ ಒಂದು ಪಾಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಆಮೇಲೆ ಮೊದಲು ಯಲ್ಲಪ್ಪನ ದೀಪ ಆರಿತು, ಆಮೇಲೆ ಭಾವನದು. ಕತ್ತಲಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಎಷ್ಟು ಹೊತ್ತು ಎಂದು ಭಾವನಿಗೇ ಗೊತ್ತಿಲ್ಲ. ಯಾವಾಗಲೋ ಯಲ್ಲಪ್ಪ ಮಾತು ನಿಲ್ಲಿಸಿದ. ನಿದ್ದೆ ಹೋದನೆಂದು ತಿಳಿದು ಭಾವ ಅವನಿಗೆ ಕೇಳಲಿ ಎಂದು ಮಾತಾಡುತ್ತಲೇ ಇದ್ದರು. ಕಲ್ಲು ಸರಿಸಿ ಜನ ಒಳಗೆ ಬರುವ ಹೊತ್ತಿಗೆ ಯಲ್ಲಪ್ಪ ಹೋಗಿ ಬಹಳ ಹೊತ್ತಾಗಿತ್ತಂತೆ.

ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಇಷ್ಟೇ. ಅದನ್ನೂ ಅವರು ಒಂದೇ ಸಲ ಹೇಳಿದ್ದು, ಅದೂ ಅಕ್ಕನಿಗೆ. ಆಮೇಲೆ ಅವರು ಗಣಿಗೆ ಇಳಿಸುವ ಕೇಜಿಗೆ ಮತ್ತೆ ಕಾಲಿಡಲಿಲ್ಲ. ಕೆಲಸ ಬಿಟ್ಟರು, ಲೈನುಮನೆ ಖಾಲಿ ಮಾಡಿ ಬಂಗಾರಪೇಟೆಗೆ ಬಂದು ನನ್ನ ಮನೆಯ ಪಕ್ಕದಲ್ಲೇ ಮನೆ ಕಟ್ಟಿಕೊಂಡರು. ಆ ಮನೆಯಲ್ಲಿ ಮಲಗುವಾಗಲೂ ಬಲ್ಬು ಆರಿಸುತ್ತಿರಲಿಲ್ಲ. ಕರೆಂಟು ಹೋದರೆ ಭಾವ ಎದ್ದು ಅಂಗಳಕ್ಕೆ ಬಂದುಬಿಡುವರು. ಅಕ್ಕ ಮಾತಿಲ್ಲದೆ ಒಂದು ಲಾಟೀನನ್ನು ಸದಾ ತುಂಬಿಸಿಟ್ಟಿರುತ್ತಿದ್ದಳು. ಹಗಲಲ್ಲಿ ಮಾತ್ರ ಅವರು ಹಳೆಯ ಮುನಿಶಾಮಿಯೇ: ನಗು, ತಮಾಷೆ, ನನ್ನ ಶಿಸ್ತನ್ನು ಅಣಕಿಸುವುದು. ನಾನು ಚಪ್ಪಲಿ ಜೋಡಿಸುವುದನ್ನು ನೋಡಿ, ರೈಲು ಬರೋಕ್ ಮುಂಚೆ ಚಪ್ಲಿಗೂ ಸಿಗ್ನಲ್ ಕೊಡ್ತಾವ್ನೆ ಎನ್ನುತ್ತಿದ್ದರು.

ಗಣಿಯಿಂದ ಬಂದ ಹಣದಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡು ಬಾಡಿಗೆಗೆ ಬಿಟ್ಟರು. ತಾವೇ ಓಡಿಸುವುದು. ರೈಲು ಇಳಿದವರನ್ನು ಕೆಜಿಎಫ್‌ಗೆ, ಕೆಜಿಎಫ್‌ನವರನ್ನು ರೈಲಿಗೆ. ಬೇಸಿಗೆ ಹಗಲಲ್ಲಿ ಎಲ್ಲ ಸರಿಯಾಗಿ ನಡೆಯಿತು. ಹಗಲು ಚಿಕ್ಕದಾಗುತ್ತಾ ಬಂದಂತೆ ತೊಂದರೆ ಶುರುವಾಯಿತು. ಆ ಕಾರಿನ ದೀಪಗಳೋ, ಎಣ್ಣೆ ಕಡಿಮೆಯಾದ ಬತ್ತಿಯ ಹಾಗೆ ಹಳದಿ. ದೀಪದೊಳಗಿನ ಕನ್ನಡಿ ಮಂಕಾಗಿತ್ತು. ಇಂಜಿನ್ ನಿಧಾನವಾದರೆ ದೀಪವೂ ಮಂಕಾಗುತ್ತಿತ್ತು. ಭಾವ ಸಂಜೆಯಾಗುತ್ತಿದ್ದಂತೆ ಬಾಡಿಗೆ ಬಿಟ್ಟು ಮನೆಗೆ ಬರತೊಡಗಿದರು. ಬಾಡಿಗೆಯ ಕಾರಿಗೆ ಸಂಜೆ ಬೆಳಗಿನ ರೈಲುಗಳೇ ಆಧಾರ, ಅವು ತಪ್ಪಿದರೆ ಕಾರು ಇಟ್ಟುಕೊಂಡು ಪ್ರಯೋಜನವಿಲ್ಲ.

ಒಂದು ದಿನ ಅಂಗಳದಲ್ಲಿ ಕಾರಿನ ಮುಂದೆ ಗೋಣಿ ಹಾಸಿಕೊಂಡು ಪಾಷಾ ಕೂತಿದ್ದ. ಸ್ಟೇಷನ್ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು, ಬಾಯಲ್ಲಿ ಸದಾ ಒಂದು ತುಂಡು ವೈರು. ಹಳೆಯ ದೀಪಗಳ ಹೊಳೆಯುವ ಬಳೆ ಬಿಚ್ಚಿ, ಗಾಜು ಕಳಚಿ, ಹೊಸ ಗಾಜು ಹೊಸ ಕನ್ನಡಿ ಕೂರಿಸುತ್ತಿದ್ದ. ಅದಕ್ಕೆ ಹ್ಯಾಲೊಜನ್ ಬಲ್ಬು. ಆಗ ನಮ್ಮ ಕಡೆ ಲಾರಿಗಳಲ್ಲೂ ಅದು ಅಪರೂಪ. ಹಳೇ ವೈರು ಇಷ್ಟು ಕರೆಂಟು ತಡೆಯಲ್ಲ, ಸುಟ್ಟುಹೋಗುತ್ತದೆ ಎಂದು ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ನಡುವೆ ರಿಲೇ ಎಂಬ ಸಣ್ಣ ಡಬ್ಬಿ ಹಾಕಿದ. ಬಲ್ಬನ್ನು ಬಟ್ಟೆಯಲ್ಲಿ ಹಿಡಿದಿದ್ದ. ಭಾವ ಕೈ ಚಾಚಿ ಅದನ್ನು ತೆಗೆದುಕೊಂಡವರೇ, ಗಣಿಯ ದೀಪದ ಗಾಜನ್ನು ಒರೆಸುವ ಅಭ್ಯಾಸದಲ್ಲಿ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿದರು. ಪಾಷಾ ತಲೆಗೆ ಕೈ ಹೊತ್ತುಕೊಂಡ. ಕೈಯ ಜಿಡ್ಡು ತಗುಲಿದರೆ ಆ ಬಲ್ಬು ಬಹಳ ದಿನ ಬಾಳುವುದಿಲ್ಲವಂತೆ. ಅದು ನಿಜವೂ ಆಯಿತು. ಅದೇ ಬಲ್ಬು ಬೇಗ ಹೋಗಿ ಇನ್ನೊಂದು ತರಿಸಬೇಕಾಯಿತು. ಆದರೆ ಅದು ಸಣ್ಣ ತಪ್ಪು.

ದೊಡ್ಡದು ಸಂಜೆ ನಡೆಯಿತು. ದೀಪ ಹಾಕಿದ ಮೇಲೆ ಅದರ ಬೆಳಕು ಎಲ್ಲಿ ಬೀಳಬೇಕೆಂದು ಕೂರಿಸಬೇಕು. ಅದಕ್ಕೆ ಸಮನಾದ ನೆಲ ಬೇಕು, ಎದುರಿಗೊಂದು ಗೋಡೆ ಬೇಕು. ನೆಲ ಅವರ ಅಂಗಳ, ಗೋಡೆ ನನ್ನದು. ನಾನು ಹಬ್ಬಕ್ಕೆಂದು ಆಗತಾನೇ ಸುಣ್ಣ ಹೊಡೆಸಿದ್ದೆ. ಪಾಷಾ ಕೇಳದೆ ಅದರ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದ. ಕಿಟಕಿಯ ಕೆಳಗೆ, ಕಾರಿನ ದೀಪದ ಎತ್ತರಕ್ಕೆ ಸರಿಯಾಗಿ. ಒಂದು ದೀಪಕ್ಕೆ ಗೋಣಿ ಮುಚ್ಚಿ, ಇನ್ನೊಂದರ ಸ್ಕ್ರೂ ತಿರುಗಿಸಿ, ಬೆಳಕಿನ ಮೇಲಂಚು ಗೆರೆಗಿಂತ ಚೂರು ಕೆಳಗೆ ಬರುವ ಹಾಗೆ ಇಳಿಸಿದ. ಭಾವ ಸ್ವಲ್ಪ ಹೊತ್ತು ನೋಡಿದರು. ಮೇಲಕ್ಕೆತ್ತು ಎಂದರು. ಪಾಷಾ ಎತ್ತಲಿಲ್ಲ. ಭಾವ ತಾವೇ ಸ್ಕ್ರೂಡ್ರೈವರು ತೆಗೆದುಕೊಂಡು ತಿರುಗಿಸುತ್ತಾ ಹೋದರು. ಬೆಳಕು ಗೆರೆ ದಾಟಿ, ನನ್ನ ಕಿಟಕಿ ದಾಟಿ, ಸೂರಿನ ಹಂಚಿಗೆ ಮುಟ್ಟಿತು.

"ನೆಲ ಎಲ್ಗೂ ಓಗಲ್ಲ ಪಾಷಾ," ಎಂದರು. "ಅದು ಇರೋ ಕಡೇನೇ ಇರ್ತೈತೆ. ನೋಡ್ಬೇಕಾದ್ದು ಮ್ಯಾಲೆ. ಬೀಳೋದೆಲ್ಲಾ ಮ್ಯಾಲಿಂದ್ಲೇ."

"ರೋಡ್‌ನಾಗೆ ಮ್ಯಾಲಿಂದ ಏನ್ ಬೀಳ್ತೈತೆ ಅಣ್ಣಾ," ಎಂದ ಪಾಷಾ, "ಉಣ್ಸೇಕಾಯಾ?"

ಭಾವ ನಗಲಿಲ್ಲ. ಸೂರಿನ ಕಡೆಗೆ ನೋಡುತ್ತಲೇ ಇದ್ದರು. ಜೀವಮಾನವಿಡೀ ತಲೆಯ ಮೇಲಿನ ಬಂಡೆಯನ್ನು ನೋಡಿ ಬದುಕಿದವರು. ಬಿರುಕು ಅಲ್ಲೇ ಕಾಣಬೇಕು, ಕಲ್ಲು ಅಲ್ಲಿಂದಲೇ ಬರಬೇಕು. ಕಾರಿಗೆ ದೀಪ ಕೂರಿಸುವಾಗಲೂ ಅವರು ಗಣಿಯ ದೀಪವನ್ನೇ ಕೂರಿಸಿದರು.

ಮಾರನೆಯ ದಿನದಿಂದ ಕೆಜಿಎಫ್ ರಸ್ತೆಯ ಹುಣಸೆಮರಗಳ ಮೇಲೆ ಮಲಗಿದ ಕಾಗೆಗಳಿಗೆ ನಿದ್ದೆಯಿಲ್ಲದಾಯಿತು. ಅಂಬಾಸಿಡರ್ ಬರುವುದು ಮರದ ತಲೆಯಲ್ಲಿ ಮೊದಲು ಗೊತ್ತಾಗುತ್ತಿತ್ತು. ಬಾಡಿಗೆ ಕಾರುಗಳ ಸ್ಟ್ಯಾಂಡಿನವರು ಮೊದಲು ತಮಾಷೆ ಮಾಡಿದರು: ಮುನ್ಶಾಮಣ್ಣ ಜೇನು ಹುಡುಕ್ತಾ ಓಗ್ತಾನೆ ಎಂದರು, ನಕ್ಷತ್ರಕ್ಕೆ ಲೈಟ್ ಬಿಡ್ತಾನೆ ಎಂದರು. ಆಮೇಲೆ ತಮಾಷೆ ನಿಂತಿತು. ಎದುರು ಬರುವವರಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಆ ಕಾರಿನಲ್ಲಿ ಬೆಳಕನ್ನು ತಗ್ಗಿಸಲು ಕ್ಲಚ್ಚಿನ ಪಕ್ಕದಲ್ಲಿ, ನೆಲದ ಮೇಲೆ ಒಂದು ಗುಂಡಿ ಇತ್ತು, ಎಡಗಾಲಿನಿಂದ ಒತ್ತಬೇಕು. ಡಿಪ್ಪರ್ ಅನ್ನುತ್ತೇವಲ್ಲ, ಅದು. ಭಾವನ ಕಾಲು ಅದರ ಹತ್ತಿರ ಹೋಗುತ್ತಿರಲಿಲ್ಲ. ಬಸ್ಸಿನ ಡ್ರೈವರೊಬ್ಬರು ಮನೆಗೇ ಬಂದು ಕೈಮುಗಿದು ಹೇಳಿ ಹೋದರು. ಕಡೆಗೊಂದು ಸಂಜೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ಸೈಕಲ್ ಮೇಲೆ ಬರುತ್ತಿದ್ದ ರೈತನೊಬ್ಬ ಕಣ್ಣು ಕಾಣದೆ ಹಳ್ಳಕ್ಕೆ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಭಾವ ಅವನನ್ನು ಎತ್ತಿ ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು, ಪಟ್ಟಿ ಕಟ್ಟುವವರೆಗೂ ಬಾಗಿಲಲ್ಲಿ ನಿಂತರು, ಅವನ ಸೊಪ್ಪನ್ನೂ ಅವನ ಮನೆಗೆ ಮುಟ್ಟಿಸಿದರು. ದೀಪ ಮಾತ್ರ ಇಳಿಸಲಿಲ್ಲ.

ಸ್ಟ್ಯಾಂಡಿನ ಹಿರಿಯರು ಕೂತು ತೀರ್ಮಾನ ಹೇಳಿದರು: ಯುಗಾದಿಯೊಳಗೆ ದೀಪ ಕೆಳಗೆ ಬರಬೇಕು, ಇಲ್ಲವಾದರೆ ನಿನ್ನ ಕಾರು ಸಾಲಿನಲ್ಲಿ ನಿಲ್ಲುವುದು ಬೇಡ. ಭಾವ ಸರಿ, ನಿಲ್ಲಿಸಲ್ಲ ಎಂದು ಎದ್ದು ಬಂದರು. ನಾನೂ ನನ್ನ ರೀತಿಯಲ್ಲಿ ಹೇಳಿದೆ. ರೈಲಿನ ಸಿಗ್ನಲ್ಲಿನ ನಿಯಮಗಳನ್ನು ಒಂದೊಂದಾಗಿ ವಿವರಿಸಿ, ದೀಪ ಎನ್ನುವುದು ಎದುರಿನವನಿಗೆ ಹೇಳುವ ಮಾತು ಎಂದು ಉಪನ್ಯಾಸ ಮಾಡಿದೆ. ಭಾವ ಗೋಡೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಕಾಫಿ ಕುಡೀತೀಯಾ ಎಂದರು. ಪ್ರತಿ ಸಂಜೆ ಅವರು ಮನೆಗೆ ಬಂದು ಕಾರು ನಿಲ್ಲಿಸುವಾಗ ಬೆಳಕು ನನ್ನ ಕಿಟಕಿಯಿಂದ ಬಂದು ಗಡಿಯಾರದ ಮೇಲೆ ಬೀಳುತ್ತಿತ್ತು. ಅವರು ತಕ್ಷಣ ಆರಿಸುತ್ತಿರಲಿಲ್ಲ. ಅಕ್ಕ ಲಾಟೀನು ಹಿಡಿದು ಅಂಗಳಕ್ಕೆ ಬರುವವರೆಗೆ ಕಾರಿನಲ್ಲೇ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ನನ್ನ ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ಬಂದು ನಿಂತಳು. ಅವಳು ಅಲ್ಲಿಗೆ ಬಂದದ್ದು ಅದೊಂದೇ ಸಲ. ಡ್ಯೂಟಿಯಲ್ಲಿದ್ದಾಗ ಮನೆಯವರು ಬರಬಾರದೆಂದು ನಾನೇ ನಿಯಮ ಮಾಡಿದ್ದೆ.

"ಇಳಿಸ್ರಿ ಅಂದ್ರೆ ಮಾತೇ ಆಡಲ್ಲ ಕಣ್ಲಾ," ಎಂದಳು. "ನೀನಾದ್ರೂ ಒಂದ್ ನಾಕ್ ದಿನ ಪಕ್ಕದಾಗೆ ಕೂತ್ಕೊಂಡು ಓಗು. ಯಾರ್ನಾದ್ರೂ ಸಾಯ್ಸಿ ಬಂದ್ರೆ, ಆಮ್ಯಾಕೆ ಈ ಮನ್ಸ ಯಾವ ಬೆಳಕ್ನಾಗೆ ಕೂತ್ಕಂತಾನೆ?"

ಹಾಗಾಗಿ ನಾನು ರಜೆ ಹಾಕಿ ಭಾವನ ಪಕ್ಕದ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಕೂತ ಮೇಲೆ ನನಗೆ ಕಂಡ ಒಂದು ಸಂಗತಿ ಹೇಳುತ್ತೇನೆ. ರಸ್ತೆ ತಿರುಗುವ ಕಡೆ ಭಾವ ಮೊದಲು ತಲೆಯನ್ನು ತಿರುಗಿಸುತ್ತಿದ್ದರು, ಹಣೆಯ ದೀಪ ಬೆಳಕು ಹಾಕಿಕೊಡುತ್ತದೆ ಎನ್ನುವ ಹಾಗೆ. ಕಾರಿನ ದೀಪ ತಲೆಯ ಜೊತೆ ತಿರುಗುವುದಿಲ್ಲವಲ್ಲ. ಕಾರು ತಿರುಗಿ ಬೆಳಕು ಅಲ್ಲಿಗೆ ಬರುವಷ್ಟು ಹೊತ್ತು ಅವರು ಉಸಿರು ಹಿಡಿದಿರುತ್ತಿದ್ದರು. ಬೆಳಕು ಬಂದ ಮೇಲೆ ಬಿಡುತ್ತಿದ್ದರು. ಇಡೀ ದಾರಿ ಹೀಗೆ. ಅದನ್ನು ನೋಡಿದ ಮೇಲೆ ನಾನು ನಿಯಮಗಳ ಮಾತು ನಿಲ್ಲಿಸಿದೆ.

ಭಾವ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಆಚೆಗೆ ಬಾಡಿಗೆ ಹೋಗುತ್ತಿರಲಿಲ್ಲ. ಅದರಾಚೆ ಕೋರಮಂಡಲ್ ಕಡೆಯ ಲೈನುಮನೆಗಳಲ್ಲಿ ಅವರ ಹಳೆಯ ಜೊತೆಗಾರರಿದ್ದರು, ಯಲ್ಲಪ್ಪನ ಮನೆಯೂ ಅಲ್ಲೇ ಇತ್ತು. ಒಂದು ದಿನ ಸಂಜೆಯ ರೈಲಿನಿಂದ ಇಳಿದ ಮುದುಕಿಯೊಬ್ಬಳು ಕಾರು ಹತ್ತಿದ ಮೇಲೆ ಕೋರಮಂಡಲ್ ಎಂದಳು. ಮಗಳಿಗೆ ಹೆರಿಗೆಯಾಗಿದೆ, ಕಾಲು ನೋವು, ನಡೆಯಲಾರೆ ಎಂದಳು. ಭಾವ ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಕೂತಿದ್ದು ಆಮೇಲೆ ಹೊರಟರು. ಅವಳನ್ನು ಲೈನಿನ ಮುಂದೆ ಇಳಿಸಿ ಗಂಟನ್ನೂ ಇಳಿಸಿಕೊಟ್ಟು ಹಿಂದಿರುಗುವಾಗ ಕತ್ತಲು ಕವಿಯತೊಡಗಿತ್ತು. ಆ ರಸ್ತೆಯ ಪಕ್ಕದಲ್ಲಿ ಗಣಿಯಿಂದ ಅರೆದು ಬಿಸಾಡಿದ ಮಣ್ಣಿನ ದೊಡ್ಡ ದಿಬ್ಬಗಳಿವೆ, ಬೂದಿಬಿಳುಪಿನ ಬೋಳು ಗುಡ್ಡಗಳು. ನಮ್ಮ ಬೆಳಕು ಅವುಗಳ ನೆತ್ತಿಯವರೆಗೂ ಹತ್ತಿಕೊಂಡು ಹೋಗುತ್ತಿತ್ತು.

ಎದುರಿಗೆ ಒಬ್ಬ ಸೈಕಲ್ಲಿನಲ್ಲಿ ಬರುತ್ತಿದ್ದ. ಬೆಳಕು ತಾಗಿದ ಕೂಡಲೇ ಇಳಿದ. ಪಕ್ಕಕ್ಕೆ ಓಡಲಿಲ್ಲ, ಬೈಯಲಿಲ್ಲ. ರಸ್ತೆಯ ನಡುವೆ ನಿಂತು, ಒಂದು ಕೈಯಲ್ಲಿ ಸೈಕಲ್ ಹಿಡಿದು, ಇನ್ನೊಂದು ಅಂಗೈಯನ್ನು ಎತ್ತಿ ಮುಖದ ಮುಂದೆ ಹಿಡಿದ. ಅಷ್ಟೇ. ಆ ಅಂಗೈಯನ್ನು ಕಂಡದ್ದೇ ಭಾವ ಬ್ರೇಕು ಒತ್ತಿದರು. ನಾನು ಮುಂದಕ್ಕೆ ಮುಗ್ಗರಿಸಿದೆ.

ಆ ಮನುಷ್ಯ ಅಂತೋಣಿ. ಗಣಿಯಲ್ಲಿ ಕುಸಿದ ಕಡೆ ಕಲ್ಲು ಸರಿಸಿ ಜನರನ್ನು ಹೊರಗೆ ತರುವ ಪಡೆಯವನು. ಯಲ್ಲಪ್ಪ ಹೋದ ದಿನ ಕಿಂಡಿ ಕೊರೆದು ಮೊದಲು ಒಳಗೆ ತೂರಿ ಬಂದು ಭಾವನ ಕೈ ಹಿಡಿದವನು ಅವನೇ ಎಂದು ಆಮೇಲೆ ತಿಳಿಯಿತು. ನಿಧಾನವಾಗಿ ಕಾರಿನ ಬಾನೆಟ್ಟಿನ ಹತ್ತಿರ ಬಂದ. ಕೈ ಇನ್ನೂ ಇಳಿಸಿರಲಿಲ್ಲ.

"ಯಾರ್ಲಾ ಒಳಗೆ, ಮುನ್ಶಾಮಿಯಾ?" ಎಂದ. ತಮಿಳು ಕಲೆತ ಕನ್ನಡ, ಗಂಟಲಲ್ಲಿ ಗಣಿಯ ದೂಳಿನ ಕೆಮ್ಮು. "ಗೋಡೇಗ್ ಆಕ್ಲಾ ದೀಪಾನ."

ಭಾವನ ಎಡಗಾಲು ಡಿಪ್ಪರಿನ ಕಡೆ ಹೋಯಿತು. ಒತ್ತಿದರು. ಆದರೆ ಅಷ್ಟು ಮೇಲಕ್ಕೆ ಎತ್ತಿ ಕೂರಿಸಿದ ದೀಪ ಒತ್ತಿದರೂ ಎಷ್ಟು ಇಳಿದೀತು? ಅಂತೋಣಿಯ ಅಂಗೈ ಹಾಗೇ ಇತ್ತು. ಅಲ್ಲಿ ತಿರುಗಿಸಿ ಹಾಕುವುದಕ್ಕೆ ಗೋಡೆಯೂ ಇರಲಿಲ್ಲ. ಭಾವ ಕೈ ಚಾಚಿ ಸ್ವಿಚ್ಚನ್ನು ಹಿಡಿದರು. ಆರಿಸಿದರು.

ಅಂಥ ಬೆಳಕು ಹೋದ ಮೇಲೆ ಉಳಿದ ಮುಸ್ಸಂಜೆಯೂ ಕಣ್ಣಿಗೆ ಹತ್ತಲಿಲ್ಲ, ಎಲ್ಲ ಕಪ್ಪಾಯಿತು. ಪಕ್ಕದಲ್ಲಿ ಭಾವನ ಉಸಿರು ನಿಂತಿತ್ತು.

"ಅಂತೋಣಿ," ಎಂದರು ಭಾವ. "ಇದ್ದೀಯಾ?"

"ಇರ್ಕೇಂಡಾ, ಇಲ್ಲೇ ಇದ್ದೀನಿ," ಎಂದ ಅಂತೋಣಿ.

ಬಾಗಿಲಿಗೆ ಒರಗಿಕೊಂಡು ಮಾತಾಡತೊಡಗಿದ. ತನ್ನ ಮೇಕೆ ಎರಡು ಮರಿ ಹಾಕಿದ್ದು, ಒಂದು ಹಾಲು ಕುಡಿಯದೆ ಸತಾಯಿಸುವುದು. ಲೈನಿನ ನಲ್ಲಿಯಲ್ಲಿ ನೀರಿಗಾಗಿ ಹೆಂಗಸರು ಜಗಳ ಆಡಿದ್ದು. ಚರ್ಚಿನ ಗಂಟೆಯ ಹಗ್ಗ ಹರಿದು ಯಾರ ತಲೆಯ ಮೇಲೋ ಬಿದ್ದದ್ದು. ಒಂದರ ಹಿಂದೆ ಒಂದು, ನಡುವೆ ಖಾಲಿ ಬಿಡದೆ. ಉತ್ತರಕ್ಕೂ ಕಾಯಲಿಲ್ಲ. ಅವನ ಧ್ವನಿ ಮಾತ್ರ ಅಲ್ಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಭಾವ ಉಸಿರು ಬಿಟ್ಟರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ಹಗ್ಗ ಯಾರ ತಲೆ ಮೇಲೆ ಬಿತ್ತು ಎಂದು ಕೇಳಿದರು. ಅಂತೋಣಿ ನಕ್ಕ. ಅಷ್ಟು ಹೊತ್ತಿಗೆ ನನ್ನ ಕಣ್ಣೂ ಕತ್ತಲಿಗೆ ಹೊಂದಿಕೊಂಡಿತ್ತು. ದಿಬ್ಬದ ಬಿಳುಪು, ಸೈಕಲ್ಲಿನ ಹ್ಯಾಂಡಲ್ಲು, ಬಾಗಿಲ ಮೇಲಿಟ್ಟ ಅವನ ಕೈ, ಆ ಕೈ ಮೇಲೆ ಭಾವನ ಕೈ, ಎಲ್ಲ ಮೆಲ್ಲಗೆ ಕಂಡವು. ಅಷ್ಟು ಕಾಣಲು ಹೆಡ್‌ಲೈಟು ಬೇಕಿರಲಿಲ್ಲ.

ಅವನು ಹೋದ ಮೇಲೆ ಭಾವ ದೊಡ್ಡ ದೀಪ ಹಾಕಲಿಲ್ಲ. ಪಾರ್ಕಿಂಗಿನ ಸಣ್ಣ ದೀಪದಲ್ಲೇ ನಿಧಾನವಾಗಿ ಓಡಿಸಿಕೊಂಡು ಬಂದರು. ಹುಣಸೆಮರಗಳ ಸಾಲು ಬಂದಾಗ, ನಾನು ಕೇಳದೆಯೇ ಮಾತಾಡಿದರು.

"ಅವತ್ತು ಇವ್ನು ಒಳಕ್ಕೆ ಬಂದಾಗ ದೀಪ ನನ್ ಕಣ್ಗೆ ಒಡೀತು. ನಾನು ಕೈಯೆತ್ದೆ. ತಕ್ಷಣ ಗೋಡೇಗ್ ಆಕ್ದ. ನಾನು ಮ್ಯಾಲಕ್ ಬರೋಗಂಟ ಗೋಡೆ ಮ್ಯಾಲೇ ಇಟ್ಟಿದ್ದ, ಮಾತಾಡ್ತಾನೇ ಇದ್ದ." ಒಂದು ತಿರುವು ಕಳೆಯಿತು. "ನನ್ ಕಣ್ಗೆ ನೋವಾಗ್ತೈತೆ ಅಂತ ಮಾಡ್ದ ಅನ್ಕೊಂಡಿದ್ದೆ ಕಣಪ್ಪ ಇಷ್ಟ್ ವರ್ಸ. ಅಲ್ಲ. ಈ ಕಡೆ ಯಲ್ಲಪ್ಪ ಇದ್ದ. ಅವ್ನ ಮಕ ನಾನು ನೋಡ್ಬಾರ್ದು ಅಂತ."

ಮನೆಯ ಮುಂದೆ ಅಕ್ಕ ಲಾಟೀನು ಹಿಡಿದು ನಿಂತಿದ್ದಳು. ಭಾವ ಅವಳು ಹತ್ತಿರ ಬರುವ ಮೊದಲೇ ಕಾರಿನಿಂದ ಇಳಿದಿದ್ದರು. ಅದನ್ನು ಕಂಡು ಅವಳು ಲಾಟೀನಿನ ಬತ್ತಿಯನ್ನು ಸ್ವಲ್ಪ ಇಳಿಸಿದಳು.

ಮಾರನೆಯ ದಿನ ಬೆಳಕು ಹರಿಯುವ ಮೊದಲು ಗೋಡೆಯ ಆಚೆ ಏನೋ ಗೀಚುವ ಸದ್ದಾಯಿತು. ಹೊರಗೆ ಹೋಗಿ ನೋಡಿದರೆ ಭಾವ ಒಂದು ದೀಪಕ್ಕೆ ಗೋಣಿ ಮುಚ್ಚಿ, ಇನ್ನೊಂದನ್ನು ಇಳಿಸಿ, ಪಾಷಾನ ಅಳಿಸಿಹೋದ ಗೆರೆ ಇದ್ದಲ್ಲಿ ಮೊಳೆಯಿಂದ ಹೊಸ ಗೆರೆ ಎಳೆಯುತ್ತಿದ್ದರು. ಸೀಮೆಸುಣ್ಣದಲ್ಲಿ ಎಳೆಯಬಹುದಿತ್ತಲ್ಲ ಭಾವ ಎಂದೆ, ಹೊಸ ಸುಣ್ಣದ ಸಂಕಟ ನನಗೆ. ಅಳಿಸ್ಬಿಟ್ರೆ ನಾನು ಮತ್ತೆ ಮ್ಯಾಲಕ್ ಎತ್ತಿಬಿಡ್ತೀನಿ ಎಂದರು. ಎಳೆದು ಮುಗಿಸಿ, ಅಂಗೈಯಿಂದ ಪುಡಿ ಒರೆಸಿ, ನನ್ನ ಕಡೆ ತಿರುಗಿದರು. ಮುಖಕ್ಕೆ ಮುಖ ಕೊಟ್ಟು, ಸರೀನಾ ನೋಡು ಎಂದರು. ಸರಿಯಾಗಿತ್ತು.

ಆಮೇಲೆ ಮಂಡಿ ಸೋಲುವವರೆಗೂ ಅವರು ಅದೇ ಸಾಲಿನಲ್ಲಿ ನಿಂತು ಅದೇ ರಸ್ತೆಯಲ್ಲಿ ಕಾರು ಓಡಿಸಿದರು. ಎದುರಿಗೆ ಎತ್ತಿನ ಗಾಡಿ ಬಂದರೂ ಅವರ ಕಾಲು ಡಿಪ್ಪರಿನ ಮೇಲೆ ಇರುತ್ತಿತ್ತು. ಮನೆಯ ಬಲ್ಬು ಮಾತ್ರ ಕೊನೆಯವರೆಗೂ ಆರಲಿಲ್ಲ, ಅದನ್ನು ಆರಿಸು ಎಂದು ಯಾರೂ ಹೇಳಲಿಲ್ಲ. ಈಗ ಭಾವ ಇಲ್ಲ, ಅಕ್ಕ ಇಲ್ಲ, ಗಣಿಗಳೂ ಮುಚ್ಚಿದವು. ಅವರ ಮನೆಯಲ್ಲಿ ವೆಂಕಟೇಶ ಇದ್ದಾನೆ.

ನಿನ್ನೆ ಸಂಜೆ ಮತ್ತೆ ಅವನ ಅಂಗಳಕ್ಕೆ ಹೋದೆ. ಜೋಡಿಸಿಕೊಂಡಿದ್ದ ಸಾಲು ಬಿಟ್ಟು ಒಂದೇ ಮಾತು ಕೇಳಿದೆ: ಇಷ್ಟು ಬೆಳಕು ಯಾಕೆ ಬೇಕಾಯ್ತಪ್ಪಾ? ಅವನು ದೂರು ನಿರೀಕ್ಷಿಸಿದ್ದನೇನೋ, ಬಾನೆಟ್ಟಿಗೆ ಒರಗಿ ಕಾರಣ ಹೇಳಿದ. ನಸುಕಿನಲ್ಲೇ ಬೂದಿಕೋಟೆ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಡೈರಿಗೆ ಹಾಲು ಹಾಕಲು ಹೆಂಗಸರು ಕ್ಯಾನು ಹಿಡಿದು ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ. ಒಂದು ಸಲ ಮಂಜಿನಲ್ಲಿ ಒಬ್ಬಳು ಕಂಡದ್ದು ಬಂಪರಿನ ಹತ್ತಿರ ಬಂದ ಮೇಲೆ. "ಏನೂ ಆಗ್ಲಿಲ್ಲ ಸಾರ್," ಎಂದ. "ಆದ್ರೂ ದಿನಾ ಅಲ್ಲಿಗೆ ಬಂದ್ರೆ ಕೈ ಬೆವರ್ತೈತೆ."

ನಾನು ಅವನ ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಅವನ ಬೆರಳನ್ನು ಆ ಗೀರಿನ ಮೇಲೆ ಇಟ್ಟೆ. ಆ ಹೆಂಗಸರ ಕಾಲು ನಿನಗೆ ಕಾಣಬೇಕು, ನಿನ್ನ ಬೆಳಕು ಅವರ ಕಣ್ಣಿಗೆ ಹೋಗಬಾರದು, ಎರಡೂ ಇಲ್ಲಿ ಆಗುತ್ತದೆ ಎಂದೆ. ಅವನು ಸ್ಕ್ರೂಡ್ರೈವರು ತಂದ. ಬೆಳಕು ನನ್ನ ಕಿಟಕಿಯಿಂದ ಇಳಿದು, ಗೀರಿನ ಕೆಳಗೆ ಬಂದು ಕೂತಿತು. ಒಳಗೆ ಗಡಿಯಾರ ಮತ್ತೆ ಕತ್ತಲಿಗೆ ಹೋಯಿತು. ಆಮೇಲೆ ಅವನು ಸ್ವಿಚ್ಚು ಆರಿಸಿದ.

ಅಂಗಳವೆಲ್ಲ ಕಪ್ಪಾಯಿತು. ಕಣ್ಣಿಗೆ ಏನೂ ಹತ್ತಲಿಲ್ಲ. ಎಲ್ಲೋ ಬಾನೆಟ್ಟಿನ ಹತ್ತಿರದಿಂದ ವೆಂಕಟೇಶ, "ಸಾರ್, ಇದ್ದೀರಾ?" ಎಂದ.

"ಇದ್ದೀನಪ್ಪ, ಇಲ್ಲೇ ಇದ್ದೀನಿ," ಎಂದೆ.

ಗಡಿಯಾರಕ್ಕೆ ಕೀ ಕೊಡುವ ಹೊತ್ತು ಮೀರಿತ್ತು. ಆದರೂ ಅಲ್ಲೇ ನಿಂತು, ಅವನ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೂ, ಚರ್ಚಿನ ಗಂಟೆಯ ಹಗ್ಗ ಹರಿದು ಯಾರ ತಲೆಯ ಮೇಲೋ ಬಿದ್ದ ಕಥೆಯನ್ನು ಹೇಳುತ್ತಾ ಇದ್ದೆ.